ತಿಪ್ಪೇಶನ ಬೀಗ

"ಗುರುಗಳೇ, ಯಂತ್ರದೊಳಗೆ ಯಾರೂ ಇಲ್ಲ ಅಂತ ಎಲ್ಲರಿಗೂ ಗೊತ್ತಿದೆ. ಆದರೂ ಸ್ವಿಚ್ಚಿಗೆ ಬೀಗ ಹಾಕಿದವನೇ ಬಂದು ತೆಗೀಬೇಕು ಅಂತ ಕಾಯೋದು ಬರೀ ಹಟ ಅಲ್ಲವೇ?"

ಕೇಳಿದವನು ಬೋರೇಶ. ಯಂತ್ರಗಳ ದುರಸ್ತಿ ಕಲಿಸುವ ತರಬೇತಿ ಕೇಂದ್ರಕ್ಕೆ ಆ ವರ್ಷ ಸೇರಿದವನು. ಹಿಂದಿನ ದಿನ ಒಂದು ಕಾರ್ಖಾನೆಗೆ ಅಭ್ಯಾಸಕ್ಕೆ ಹೋಗಿದ್ದಾಗ ದುರಸ್ತಿಯ ಹೊತ್ತಲ್ಲಿ ಯಾರೂ ಚಾಲೂ ಮಾಡದಂತೆ ಹಾಕಿದ್ದ ತನ್ನ ಬೀಗವನ್ನು ಸ್ವಿಚ್ಚಿನ ಮೇಲೆಯೇ ಬಿಟ್ಟು ಊಟಕ್ಕೆ ಕುಳಿತಿದ್ದ. ಅಲ್ಲಿಯ ಫೋರ್‌ಮನ್ ಯಂತ್ರ ಚಾಲೂ ಮಾಡಲಾಗದೆ ಕಾದು ಕಾದು, ಇವನು ಕೈ ತೊಳೆದು ಬರುವಾಗ ಎಲ್ಲರೆದುರು ಬೈದಿದ್ದ. ಆ ಬೈಗುಳ ಇನ್ನೂ ಕಿವಿಯಲ್ಲೇ ಇತ್ತು.

ಪಾಠ ಮುಗಿದು ಎಲ್ಲರೂ ಬೂಟು ಬಿಚ್ಚುತ್ತಿದ್ದರು. ನಾಗಭೂಷಣ ಗುರುಗಳು ಅಲ್ಲಿ ವಿದ್ಯುತ್ತಿನ ಮೂಲಪಾಠವನ್ನೂ ಕೆಲಸದ ಜಾಗದ ಸುರಕ್ಷತೆಯನ್ನೂ ಹೇಳಿಕೊಡುವವರು. ಯಾರಾದರೂ ಪ್ರಶ್ನೆ ಕೇಳಿದರೆ ಅವರಿಗೆ ಹಬ್ಬ. ಮೇಜಿನ ಅಂಚಿಗೆ ಹತ್ತಿ ಕುಳಿತೇಬಿಟ್ಟರು. "ಬೂಟು ಹಂಗೇ ಇರಲಿ, ಕೂತ್ಕೊಳ್ರಪ್ಪ" ಎಂದು ಈ ಕತೆ ಹೇಳಿದರು.

ಒಬ್ಬ ಸಾಹುಕಾರನಿದ್ದ. ಅವನದೊಂದು ಇಟ್ಟಿಗೆ ಕಾರ್ಖಾನೆ. ಕಾರ್ಖಾನೆಯ ನಡುವೆ ಮಣ್ಣು ಕಲಸುವ ದೊಡ್ಡ ಯಂತ್ರ. ದೊಡ್ಡದು ಅಂದರೆ, ಮಲಗಿಸಿದ ಕಬ್ಬಿಣದ ಪೀಪಾಯಿ ಅಂದುಕೊಳ್ಳಿ. ಒಳಗೆ ಮನುಷ್ಯ ಬಗ್ಗಿ ಓಡಾಡಬಹುದು. ಉದ್ದಕ್ಕೂ ಒಂದು ದಂಡ, ದಂಡಕ್ಕೆ ಅಲಗುಗಳು. ಸ್ವಿಚ್ಚು ಒತ್ತಿದರೆ ಅಲಗುಗಳು ತಿರುಗುತ್ತವೆ. ಮಣ್ಣೋ ಮತ್ತೊಂದೋ, ಅವು ವಿಚಾರಿಸುವುದಿಲ್ಲ. ಒಳಗೆ ಹೋಗಲು ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಮುಂದೆ ನಿಂತವನಿಗೆ ಹಿಂದಿನದು ಕಾಣುವುದಿಲ್ಲ.

ಆ ಕಾರ್ಖಾನೆಯಲ್ಲಿ ಒಬ್ಬ ಕರೆಂಟಿನ ಮೇಸ್ತ್ರಿ ಇದ್ದ. ಆಯುಧಪೂಜೆಯ ದಿನ ಬೆಳಿಗ್ಗೆ ಯಂತ್ರ ತೊಳೆಯುವ ಕೆಲಸ ಶುರುವಾಯಿತು. ಒಳಗಿಳಿದು ಅಲಗಿಗೆ ಅಂಟಿದ ಒಣಮಣ್ಣು ಕೆರೆಯಬೇಕು. ಮೇಸ್ತ್ರಿ ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಿದ. ಕರೆಂಟ್ ಇದ್ದ ಕಡೆ ಟೆಸ್ಟರ್ ಇಟ್ಟು, ಅದು ಉರಿಯುತ್ತದೆ ಎಂದು ಕಂಡುಕೊಂಡ. ಆಮೇಲೆ ಯಂತ್ರದ ತಂತಿಗೆ ಇಟ್ಟ. ಉರಿಯಲಿಲ್ಲ. ಮತ್ತೆ ಕರೆಂಟ್ ಇದ್ದ ಕಡೆ ಇಟ್ಟ. ಯಾಕೆ ಅಂತ ನಿಮಗೆ ಹೋದ ವಾರ ಹೇಳಿದ್ದೇನೆ; ಕೆಟ್ಟ ಟೆಸ್ಟರಿಗೆ ಎಲ್ಲ ತಂತಿಯೂ ಸತ್ತದ್ದೇ. ಅದಾದ ಮೇಲೆ ಹಿಡಿಕೆಗೆ ಒಂದು ಕೊಂಡಿ ಸಿಕ್ಕಿಸಿದ. ಕೊಂಡಿಯಲ್ಲಿ ಹಲವು ತೂತು. ಮೇಸ್ತ್ರಿಯೂ ಒಳಗೆ ಇಳಿಯುವ ಪ್ರತಿಯೊಬ್ಬನೂ ಅದಕ್ಕೆ ತನ್ನದೊಂದು ಬೀಗ ಹಾಕಿ ಬೀಗದ ಕೈಯನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಒಂದೇ ಒಂದು ಬೀಗ ಉಳಿದರೂ ಹಿಡಿಕೆ ಮೇಲೇಳುವುದಿಲ್ಲ.

ಹೊತ್ತೇರಿತು. ಕಾರ್ಖಾನೆಗೆ ಕಳೆ ಬಂತು. ಬಾಗಿಲಿಗೆ ಬಾಳೆಕಂಬ, ಯಂತ್ರಕ್ಕೆ ಚೆಂಡುಹೂವಿನ ಸರ. ವಾಲಗದವರು ಬಂದು ಕುಳಿತರು. ಪುರೋಹಿತರು ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸುತ್ತ ಬಂದವರು ಕರೆಂಟಿನ ಪೆಟ್ಟಿಗೆಯ ಮುಂದೆ ಕೈಯೆತ್ತಿದರು.

"ಸ್ವಾಮೀ, ಈ ದೇವರಿಗೆ ತೀರ್ಥ ಆಗಲ್ಲ. ಕುಂಕುಮ ಇಡಿ, ಸಾಕು" ಎಂದ ಮೇಸ್ತ್ರಿ.

"ಯಾಕಪ್ಪಾ, ಮಡಿಯೋ?"

"ಮಡಿ ಅಲ್ಲ, ಸಿಟ್ಟು."

ಪುರೋಹಿತರು ನಕ್ಕು ಪೆಟ್ಟಿಗೆಯ ಬಾಗಿಲಿಗೆ ಕುಂಕುಮ ಇಟ್ಟರು.

ಆ ಸಾಹುಕಾರನಿಗೆ ಒಂದು ಪದ್ಧತಿ ಇತ್ತು. ಪೂಜೆಯ ಮುಹೂರ್ತಕ್ಕೆ ಸರಿಯಾಗಿ, ಗಟ್ಟಿಮೇಳದ ನಡುವೆ, ತಾನೇ ಕೈಯಾರೆ ಸ್ವಿಚ್ಚು ಒತ್ತಿ ಯಂತ್ರವನ್ನು ಒಂದು ಸುತ್ತು ತಿರುಗಿಸಬೇಕು. ಅವನ ತಂದೆಯೂ ಹಾಗೇ ಮಾಡುತ್ತಿದ್ದ. ಆ ಒಂದು ಸುತ್ತು ತಪ್ಪಿದರೆ ವರ್ಷವೆಲ್ಲ ತಪ್ಪಿತು ಎಂದು ಅವನ ನಂಬಿಕೆ. ರಾಹುಕಾಲ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಆಗಬೇಕು.

"ಬೀಗ ತೆಗೀರಿ" ಎಂದ ಸಾಹುಕಾರ.

ಎಲ್ಲರೂ ಬಂದು ಅವರವರ ಬೀಗ ತೆಗೆದರು. ಮೇಸ್ತ್ರಿಯೂ ತನ್ನದನ್ನು ತೆಗೆದ. ಒಂದು ಉಳಿಯಿತು.

ಅದು ತಿಪ್ಪೇಶನ ಬೀಗ. ಒಳಗೆ ಕೆರೆಯುವ ಕೆಲಸಕ್ಕೆ ಇಳಿದಿದ್ದವರಲ್ಲಿ ಒಬ್ಬ. ಕೂಗಿದರು. ವಾಲಗ ನಿಲ್ಲಿಸಿ ಕೂಗಿದರು. ಉತ್ತರವಿಲ್ಲ. ಫೋನು ಮಾಡಿದರು. ಗೋಡೆಯ ಮೊಳೆಗೆ ತೂಗಿದ್ದ ಅಂಗಿಯೊಂದು ಹಾಡತೊಡಗಿತು. ಅಂಗಿ ತಿಪ್ಪೇಶನದು, ಫೋನು ಅದರ ಜೇಬಿನಲ್ಲಿತ್ತು.

ಕತೆ ಇಲ್ಲಿಗೆ ಬರುವಾಗ ಬೂಟಿನ ದಾರ ಹಿಡಿದಿದ್ದವರೆಲ್ಲ ದಾರ ಬಿಟ್ಟಿದ್ದರು. ಬೋರೇಶ ಬೆಂಚಿನ ತುದಿಗೆ ಬಂದಿದ್ದ. ಗುರುಗಳು ಮೇಜಿನಿಂದ ಇಳಿದು ನಿಂತರು. ಕೂತು ಹೇಳುವ ಭಾಗ ಮುಗಿದಿತ್ತು ಅಂತ ಕಾಣುತ್ತದೆ.

"ಅವನು ಕೆರೆಗೆ ಸ್ನಾನಕ್ಕೆ ಹೋದ, ನಾನೇ ನೋಡಿದೆ" ಎಂದ ಒಬ್ಬ ಕೆಲಸಗಾರ.

"ಕೆರೆಗಲ್ಲ, ಕ್ಷೌರಕ್ಕೆ. ಅಂಗಡಿ ಮುಂದೆ ಕೂತಿದ್ದ" ಎಂದ ಇನ್ನೊಬ್ಬ.

"ನೀವೆಲ್ಲ ಎಲ್ಲಿದ್ದೀರಿ? ಅವನು ಮಾವನ ಮನೆಗೆ ಬಸ್ ಹತ್ತಿ ಆಗಲೇ ಎಷ್ಟೋ ಹೊತ್ತಾಯ್ತು" ಎಂದ ಮತ್ತೊಬ್ಬ.

"ನೀವು ಮೂವರೂ ನೋಡಿದ್ದು ಒಬ್ಬನೇ ತಿಪ್ಪೇಶನನ್ನೇನ್ರೋ?" ಎಂದ ಮೇಸ್ತ್ರಿ.

ಸಾಹುಕಾರನಿಗೆ ನಗುವ ಹೊತ್ತಲ್ಲ. "ಎಲ್ಲಾದರೂ ಹೋಗಿರಲಿ, ಒಳಗಂತೂ ಇಲ್ಲ. ಇನ್ನೊಂದು ಬೀಗದ ಕೈ ಎಲ್ಲಿ?"

"ಇರೋದೇ ಒಂದು. ಅದು ಅವನ ಹತ್ತಿರ."

"ಹಂಗಾದ್ರೆ ಕೊಯ್ಯಿ. ಗರಗಸ ತಗೊಂಬಾ."

ಮೇಸ್ತ್ರಿ ಯಂತ್ರದ ಮುಂದಿನ ಬಾಗಿಲಲ್ಲಿ ಇಣುಕಿದ. ಅಲಗುಗಳ ಹಿಂದೆ ಕತ್ತಲೆ. ಟಾರ್ಚು ಹುಡುಕಿ ತಂದ. ಒಳಗೆ ಇಳಿಯುವ ಮುಂಚೆ, ಆಗಷ್ಟೇ ತೆಗೆದಿದ್ದ ತನ್ನ ಬೀಗವನ್ನು ತಂದು ತಿಪ್ಪೇಶನ ಬೀಗದ ಪಕ್ಕದಲ್ಲಿ ಹಾಕಿದ.

"ಒಂದು ತೆಗಿ ಅಂದ್ರೆ ಎರಡು ಮಾಡಿದೆಯಲ್ಲೋ" ಎಂದು ಸಾಹುಕಾರ ತಲೆ ಮೇಲೆ ಕೈ ಇಟ್ಟುಕೊಂಡ.

ಮೇಸ್ತ್ರಿ ಆ ತುದಿಯವರೆಗೆ ತೆವಳಿ ಹೋಗಿ ಬಂದ. ಮೈಯೆಲ್ಲ ಮಣ್ಣು. ಹಬ್ಬಕ್ಕೆ ಉಟ್ಟ ಹೊಸ ಪಂಚೆಗೂ ಮಣ್ಣು. ಹೊರಬಂದು ತನ್ನ ಬೀಗ ತೆಗೆದು ಜೇಬಿಗೆ ಹಾಕಿದ.

"ಯಾರೂ ಇಲ್ಲ" ಎಂದ.

ಸಾಹುಕಾರನ ಮುಖ ಅರಳಿತು. "ನೋಡು, ನಿನ್ನ ಬಾಯಲ್ಲೇ ಬಂತು. ವಾಲಗದವರೇ, ಶುರು ಮಾಡಿ. ಕೊಯ್ಯೋ ಅದನ್ನ."

"ಕೆರೆಯೋ ಉಳಿ ಒಳಗೇ ಇದೆ, ಸಾಹುಕಾರ್ರೇ. ಹಿಂದಿನ ಕಡೆ ಇನ್ನೂ ಮಣ್ಣು ಹಂಗೇ ಇದೆ. ಅವನ ಕೆಲಸ ಮುಗಿದಿಲ್ಲ. ಈಗ ಇಲ್ಲ, ಸರಿ. ಇನ್ನೊಂದು ಗಳಿಗೆಗೆ? ನನ್ನ ಬೀಗ ಇದೆ, ಭಯವಿಲ್ಲ ಅಂತ ಹಿಂದಿನ ಬಾಗಿಲಿಂದ ಒಳಗೆ ಹೊಕ್ಕರೆ? ಅವನನ್ನ ಹುಡುಕೋಣ. ಅವನು ಸಿಕ್ಕಿ, ತೆಗೀರಿ ಅಂತ ಬಾಯಿ ಬಿಟ್ಟು ಹೇಳಿದರೆ ನಾನೇ ಕೊಯ್ತೀನಿ."

"ಹಿಂದಿನ ಬಾಗಿಲಿಗೆ ಒಬ್ಬನ್ನ ನಿಲ್ಲಿಸ್ತೀನಿ."

"ಅವನೂ ಗಟ್ಟಿಮೇಳ ಬಾರಿಸುವಾಗ ಇತ್ತ ನೋಡ್ತಾನೆ, ಸಾಹುಕಾರ್ರೇ. ನಾನಾದರೂ ನೋಡ್ತೀನಿ."

ಸಾಹುಕಾರ ಕೈಗಡಿಯಾರ ನೋಡಿದ. ಪುರೋಹಿತರ ಮುಖ ನೋಡಿದ. ಅವರು ಪಂಚಾಂಗ ನೋಡುತ್ತಿದ್ದರು. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ: "ಈಗ ಕೊಯ್ಯದಿದ್ರೆ ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

ಮೇಸ್ತ್ರಿಗೆ ಬೇರೆ ಕೆಲಸ ಇರಲಿಲ್ಲ. ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು. ನಿಜ ಹೇಳಬೇಕೆಂದರೆ, ತಿಪ್ಪೇಶ ಎಲ್ಲೋ ಊರೊಳಗೆ ಸುಖವಾಗಿದ್ದಾನೆ ಎಂದು ಅವನಿಗೂ ಅನ್ನಿಸಿತ್ತು. ಗರಗಸ ತಂದವನು ಅದನ್ನು ಅವನ ಕೈಗೇ ಕೊಟ್ಟ. ಮೇಸ್ತ್ರಿ ಅದನ್ನು ಹಿಡಿದುಕೊಂಡೇ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. ನಾಲ್ವರನ್ನು ಹುಡುಕಲು ಓಡಿಸಿದ: ಒಬ್ಬ ಕೆರೆಗೆ, ಒಬ್ಬ ಕ್ಷೌರದಂಗಡಿಗೆ, ಒಬ್ಬ ಬಸ್ ನಿಲ್ದಾಣಕ್ಕೆ, ಒಬ್ಬ ತಿಪ್ಪೇಶನ ಮನೆಗೆ. ಸಾಹುಕಾರನ ಮನೆಯಲ್ಲಿ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ವಾಲಗದವರು ಏನು ಮಾಡಬೇಕೆಂದು ತಿಳಿಯದೆ ಮೆಲ್ಲಗೆ ಊದುತ್ತಿದ್ದರು. ಕರ್ಪೂರ ಹಚ್ಚಿ, ಆರಿ, ಮತ್ತೆ ಹಚ್ಚಿದ್ದಾಯಿತು. ಸಾಹುಕಾರ ಗರಗಸಕ್ಕೆ ಕೈ ಹಾಕಿದ. ಮೇಸ್ತ್ರಿ ಬಿಡಲಿಲ್ಲ. ಇಬ್ಬರೂ ಅದರ ಎರಡು ತುದಿ ಹಿಡಿದು ನಿಂತರು. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಹಾಗೇ ನಿಂತಿರುವಾಗ ಮುಹೂರ್ತ ಕಳೆಯಿತು. ಪುರೋಹಿತರು ಪಂಚಾಂಗ ಮುಚ್ಚಿದರು.

ಆಗ ಬಂದ ತಿಪ್ಪೇಶ.

ಮೈಮೇಲೆ ಬನಿಯನ್, ಹೆಗಲ ಮೇಲೆ ಬೂದುಗುಂಬಳಕಾಯಿ. ಬೆವರು ಸುರಿಯುತ್ತಿತ್ತು.

"ಇನ್ನೂ ಪೂಜೆ ಆಗಿಲ್ವಾ? ಸದ್ಯ" ಎಂದ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?" ಎಂದ ಸಾಹುಕಾರ.

"ನೀರು ಕುಡಿಯೋಣ ಅಂತ ಹಿಂದಿನಿಂದ ಹೊರಗೆ ಬಂದೆ. ನಿಮ್ಮ ಮನೆ ಹಿತ್ತಲ ಬಾಗಿಲಲ್ಲಿ ಅಮ್ಮಾವ್ರು ನಿಂತಿದ್ರು. ಯಜಮಾನ್ರು ಕುಂಬಳಕಾಯಿನೇ ಮರೆತಿದಾರೆ ಕಣೋ, ಇದ್ದಂಗೇ ಓಡು ಅಂದ್ರು. ಇದ್ದಂಗೇ ಓಡಿದೆ. ಸಂತೆಯಲ್ಲಿ ಒಂದೂ ಇಲ್ಲ. ಪಕ್ಕದೂರಿಗೆ ಹೋಗಿ ತಂದೆ."

ಎಲ್ಲರೂ ಸಾಹುಕಾರನನ್ನು ನೋಡಿದರು. ಸಾಹುಕಾರ ಕುಂಬಳಕಾಯಿಯನ್ನು ನೋಡಿದ.

"ಸರಿ, ಬೀಗ ತೆಗಿ" ಎಂದ.

"ತಾಳಿ ಸಾಹುಕಾರ್ರೇ, ಹಿಂದೆ ಸ್ವಲ್ಪ ಬಾಕಿ ಇದೆ" ಎಂದು ತಿಪ್ಪೇಶ ಕುಂಬಳಕಾಯಿ ಇಳಿಸಿ ಒಳಗೆ ಹೊಕ್ಕೇಬಿಟ್ಟ. ಕೆರೆಯುವ ಸದ್ದು ಹೊರಗೆ ಕೇಳಿಸಿತು. ವಾಲಗದವರು ಕಾದರು, ಪುರೋಹಿತರು ಕಾದರು, ಊರಿಗೆ ದೊಡ್ಡವನಾದ ಸಾಹುಕಾರನೂ ಕಾದ. ಉಳಿ ಹಿಡಿದು ಹೊರಬಂದ ತಿಪ್ಪೇಶ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಬೀಗ ತೆಗೆದ.

ಪುರೋಹಿತರು ಒಳ್ಳೆಯವರು. ಪಂಚಾಂಗವನ್ನು ಮತ್ತೆ ತೆರೆದು, ರಾಹುಕಾಲ ಕಳೆದ ಮೇಲೆ ಇನ್ನೊಂದು ಗಳಿಗೆ ಹುಡುಕಿ ಕೊಟ್ಟರು. ಮಧ್ಯಾಹ್ನ ಗಟ್ಟಿಮೇಳದ ನಡುವೆ ಯಂತ್ರ ಒಂದು ಸುತ್ತು ತಿರುಗಿತು. ಕುಂಬಳಕಾಯಿ ಒಡೆಯಿತು. ಸಾಹುಕಾರ ಎಲ್ಲರಿಗೂ ಸಿಹಿಯ ಪೊಟ್ಟಣ ಹಂಚಿದ. ಮೇಸ್ತ್ರಿಯ ಕೈಗೆ ಹಾಕುವಾಗ ಮುಖ ನೋಡಲಿಲ್ಲ.

"ಒಳಗೆ ಯಾರೂ ಇರಲಿಲ್ಲ. ನೆನಪಿಟ್ಕೋ" ಎಂದ.

"ಇಟ್ಕೋತೀನಿ" ಎಂದ ಮೇಸ್ತ್ರಿ.

ನಾಳೆಯಿಂದ ಬರಬೇಡ ಎಂದದ್ದನ್ನು ಸಾಹುಕಾರ ಮತ್ತೆ ಎತ್ತಲಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ. ಮರುದಿನ ಕೆಲಸಕ್ಕೆ ಬಂದ.

ಇಷ್ಟು ಹೇಳಿ ಗುರುಗಳು ಮೇಜಿನ ಮೇಲಿನ ಟೆಸ್ಟರನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡರು. ಯಾರೂ ಏಳಲಿಲ್ಲ. ಇನ್ನೂ ಏನೋ ಇದೆ ಎಂದು ಎಲ್ಲರೂ ಅವರ ಬಾಯಿ ನೋಡುತ್ತಿದ್ದರು.

"ಅಷ್ಟೇನಾ, ಗುರುಗಳೇ?" ಎಂದ ಬೋರೇಶ.

"ಅಷ್ಟೇ."

"ಉಳಿ ಸಿಕ್ಕಿದಾಗ ನನ್ನ ಎದೆ ಹೊಡಕೊಳ್ತಿತ್ತು. ಇವರು ಬೀಗ ಕೊಯ್ತಾರೆ, ಅತ್ತ ತಿಪ್ಪೇಶ ಹಿಂದಿನಿಂದ ಒಳಗೆ ಹೋಗ್ತಾನೆ, ಇತ್ತ ಸಾಹುಕಾರ ಸ್ವಿಚ್ಚು ಒತ್ತುತ್ತಾನೆ ಅಂತ ಕಾಯ್ತಾ ಇದ್ದೆ. ಏನೂ ಆಗಲೇ ಇಲ್ಲವಲ್ಲ. ಕಡೇಲಿ ಸಪ್ಪೆ ಆಗೋಯ್ತು, ಗುರುಗಳೇ."

ಪಕ್ಕದವರು ನಕ್ಕರು. ಹೌದು ಹೌದು ಎಂದರು. ಗುರುಗಳೂ ನಕ್ಕರು. ಆಮೇಲೆ ಬೋರೇಶನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ರುಚಿ ಬರಲಿಕ್ಕೆ ಯಾರು ಸಾಯಬೇಕಿತ್ತಪ್ಪ?"