ಅಳಿಸಿದ ಮೇಲೂ ತೆರೆದೇ ಇದ್ದ ಕಡತ

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಮುದಿ ಗುರುಗಳು, ಒಂದು ಹಳೇ ಕಂಪ್ಯೂಟರು.

ಆಶ್ರಮಕ್ಕೂ ಕಂಪ್ಯೂಟರಿಗೂ ಏನು ನಂಟು ಎಂದು ಹುಬ್ಬೇರಿಸಬೇಡಿ. ತಾಳೆಗರಿಗಳು ಪುಡಿಯಾಗುತ್ತಿದ್ದವು. ಯಾರಾದರೂ ಓದಬೇಕಿತ್ತು, ಓದಿದ್ದನ್ನು ಹಿಡಿದಿಡಬೇಕಿತ್ತು. ದಾನಕ್ಕೆ ಬಂದ ಯಂತ್ರಕ್ಕೆ ಗುರುಗಳು ಲಿನಕ್ಸ್ ಹಾಕಿಸಿದರು. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರ ಒತ್ತಿ ಕೆಲಸ ಮಾಡಿಸುವುದು ಅವರಿಗೆ ಆಗದು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ ಹಾಗೆ ಅಕ್ಷರದಲ್ಲಿ ಹೊಡೆದು ಕೇಳಬೇಕು.

ಗರಿ ಓದುತ್ತಿದ್ದವರು ಶಿವನಂಜಪ್ಪ. ಆ ಧ್ವನಿಯನ್ನು ಕಂಪ್ಯೂಟರಿಗೆ ಹಿಡಿಯುತ್ತಿದ್ದವಳು ಅವರ ಹೆಂಡತಿ, ಗುರುಗಳ ಶಿಷ್ಯೆ ಚೆನ್ನಾಜಮ್ಮ.

ಶಿವನಂಜಪ್ಪ ತೀರಿಕೊಂಡು ಎರಡು ವರ್ಷ. ಓದನ್ನು ಬರೆದುಕೊಂಡ ಮೇಲೆ ಧ್ವನಿಯನ್ನು ಅಳಿಸುವುದು ಅಲ್ಲಿಯ ರೂಢಿ, ಜಾಗ ಸಾಲದು. ಹಾಗಾಗಿ ಅವರದು ಅಂತ ಉಳಿದದ್ದು ಕೊನೆಯದೊಂದೇ. ಐದು ಗಂಟೆಯ ಓದು. ನಡುವೆ ಒಂದು ಕಡೆ ಅವರು ಓದು ನಿಲ್ಲಿಸಿ, "ಚೆನ್ನಾ, ಒಂಚೂರು ನೀರು ಕೊಡು" ಎನ್ನುತ್ತಾರೆ.

ಚೆನ್ನಾಜಮ್ಮ ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ ಅದನ್ನು ಹಾಕಿ, ಆ ಮಾತಿನವರೆಗೆ ಕೇಳುತ್ತಿದ್ದಳು. ಕೇಳಿದರೆ ರಾತ್ರಿ ನಿದ್ದೆ ಬಾರದು. ಕೇಳದಿದ್ದರೆ ಅನ್ನ ಇಳಿಯದು.

ಒಂದು ದಿನ ಆಕೆ ಗುರುಗಳ ಮುಂದೆ ನಿಂತಳು.

"ನನ್ಗೆ ಕಾವಿ ಕೊಡಿ ಬುದ್ಧಿ."

"ಯಾಕವ್ವ?"

"ಈ ಹಂಬಲ ಸಾಕಾಗೋಯ್ತು. ಎಲ್ಲಾನೂ ಬುಟ್ಬುಡ್ಬೇಕು."

"ಬುಟ್ಟು ಬಾ. ಆಮೇಲೆ ನೋಡಾನ."

ಚೆನ್ನಾಜಮ್ಮ ನೇರ ಕಂಪ್ಯೂಟರಿನ ಕೋಣೆಗೆ ಹೋದಳು. ಅಳಿಸಬೇಕೆಂದರೆ ಕಪ್ಪು ಪರದೆಗೆ ಕಡತದ ಹೆಸರು ಹೇಳಬೇಕು. ಆ ಕಡತಕ್ಕೆ ಶಿವನಂಜಪ್ಪ ತಮ್ಮ ಹೆಸರನ್ನೇ ಇಟ್ಟಿದ್ದರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆಕೆ ಬಾಯಲ್ಲಿ ಆಡದ ಹೆಸರು. ಗಂಡನ ಹೆಸರು ಹೇಳುವ ಪೈಕಿಯಲ್ಲ ಆಕೆ.

ಆರ್‌ಎಂ ಎಂದು ಹೊಡೆದಳು. ಅಳಿಸು ಎನ್ನುವ ಆಜ್ಞೆ ಅದು. ಅದರ ಮುಂದೆ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೊಡೆದಳು. ಎಂಟರ್ ಒತ್ತಿದಳು.

ಖಾತ್ರಿಯೇ ಎಂದು ಕೇಳುವಷ್ಟು ಸೌಜನ್ಯವೂ ಆ ಪರದೆಗಿರಲಿಲ್ಲ.

"ಅಳಿಸ್ಬುಟ್ಟೆ ಬುದ್ಧಿ," ಎಂದಳು ಹೊರಗೆ ಬಂದು. ಕಣ್ಣು ಕೆಂಪಾಗಿತ್ತು.

ಗುರುಗಳು ಕೋಲೂರಿಕೊಂಡು ಒಳಗೆ ಬಂದರು. "ಪಟ್ಟಿ ತೋರ್ಸು."

ಎಲ್ಎಸ್ ಹೊಡೆದಳು. ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ.

"ಡಿಸ್ಕಲ್ಲಿ ಎಷ್ಟು ಜಾಗ ಆಯ್ತು, ನೋಡು."

ಡಿಎಫ್ ಹೊಡೆದಳು. ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ಮೂರು ಜಿ.ಬಿ. ತೂಗುವ ಧ್ವನಿ ಹೋಗಿತ್ತು, ಒಂದು ಗೇಣು ಜಾಗವೂ ಬಿಡುವಾಗಿರಲಿಲ್ಲ.

"ಹೋಗದೆ ಹೆಂಗೆ ಬುದ್ಧಿ? ಅಳಿಸಿದ್ದು ನಾನೇ."

"ಪಟ್ಟಿಯಿಂದ ಹೆಸರು ಹೊಡೆದೆ ಅಷ್ಟೆ. ಯಾರೋ ಇನ್ನೂ ಹಿಡ್ಕೊಂಡವ್ರೆ. ಯಾರೂಂತ ಕೇಳು."

ಎಲ್ಎಸ್ಓಎಫ್ ಎಂದು ಹೊಡೆದಳು. ಯಾವ ಕಡತವನ್ನು ಯಾರು ತೆರೆದಿಟ್ಟಿದ್ದಾರೆ ಎಂದು ಹೇಳುವ ಆಜ್ಞೆ ಅದು. ಸಾಲುಗಳು ಸರಸರ ಇಳಿದವು. ಒಂದು ಸಾಲಿನ ಕೊನೆಯಲ್ಲಿ, 'ಅಳಿಸಲಾಗಿದೆ' ಎಂಬ ಗುರುತು. ಅದನ್ನು ಹಿಡಿದಿದ್ದದ್ದು ಹಾಡು ಕೇಳಿಸುವ ತಂತ್ರಾಂಶ. ಅದನ್ನು ತೆರೆದವರು ಯಾರು ಎನ್ನುವಲ್ಲಿ ಆಕೆಯದೇ ಹೆಸರು.

ನಿನ್ನೆ ಮಧ್ಯಾಹ್ನ ನೀರು ಕೇಳುವ ಮಾತಿಗೆ ತಡೆದು ನಿಲ್ಲಿಸಿದ್ದಳು. ಮುಚ್ಚುವುದನ್ನು ಮರೆತಿದ್ದಳು.

"ಅದು ತೆರೆದಿರೋ ತನಕ ಯಂತ್ರ ಕಡತಾನ ಬಿಸಾಕಲ್ಲ," ಎಂದರು ಗುರುಗಳು. "ಮುಚ್ಚಿದ್ಯೋ, ಹೋಯ್ತು. ಆಮೇಲೆ ನಾನೂ ತರಲಾರೆ."

ಮುಚ್ಚಲು ಒಂದು ಕೀಲಿ ಸಾಕು. ಚೆನ್ನಾಜಮ್ಮ ಅದರ ಮೇಲೆ ಬೆರಳಿಟ್ಟಳು.

ಹೊರಗೆ ಯಾರೋ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ನಿಂತಿತು, ಒಗೆಯುವವರು ಹೋದರು. ಬೆರಳು ಅಲ್ಲೇ ಇತ್ತು.

"ಆಗ್ತಿಲ್ಲ ಬುದ್ಧಿ," ಎಂದು ಆಕೆ ಗೊಳೋ ಎಂದು ಅತ್ತಳು. "ಅವ್ರ ದನಿ ಬೇಕು ನನ್ಗೆ."

ಗುರುಗಳು ಆಕೆಯ ಕೈಯನ್ನು ಮೆಲ್ಲಗೆ ಸರಿಸಿದರು. ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದು ಸಾಲು ಹೊಡೆದರು. ನಕಲಿಗೆ ಸಿಪಿ, ಆ ತಂತ್ರಾಂಶದ ಸಂಖ್ಯೆ, ಅದು ಹಿಡಿದಿದ್ದ ಹಿಡಿಕೆಯ ಸಂಖ್ಯೆ, ಕೊನೆಗೆ ಶಿವನಂಜಪ್ಪನವರ ಹೆಸರು. ಹಳೇ ಯಂತ್ರ ಗೊರಗೊರ ಎಂದು ನಕಲು ಮಾಡಿತು. ಪಟ್ಟಿಯಲ್ಲಿ ಹೆಸರು ಮತ್ತೆ ಬಂದು ಕೂತಿತು.

ಚೆನ್ನಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಜೀವ ಬಂದ ಹಾಗಾಗಿತ್ತು, ನಾಚಿಕೆಯೂ ಆಗಿತ್ತು.

"ಇಷ್ಟೂ ಬುಡಕ್ಕೆ ಆಗದವ್ಳು. ನನ್ಗೆಲ್ಲಿ ಕಾವಿ ಕೊಟ್ಟೀರಿ ಬುದ್ಧಿ?"

ಗುರುಗಳು ಬಾಗಿಲವರೆಗೆ ಹೋಗಿ, ಹೊಸಿಲಿನ ಮೇಲೆ ನಿಂತರು. ತಮ್ಮ ಕಾವಿಯ ತುದಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ನಾಳೆ ಹಾಕುವಾಗ ಒಸಿ ಜೋರಾಗಿ ಹಾಕವ್ವ. ಬಾಗ್ಲಾಚೆ ಕೂತಿರೋ ನನ್ಗೆ ಸರಿಯಾಗಿ ಕೇಳಲ್ಲ."