ಎರಡೇ ಕೂಗಿಗೆ ಇಲ್ಲವಾದ ಊರು

ಒಂದಾನೊಂದು ಊರಿನಲ್ಲಿ, ಒಂದೇ ಅಂದ್ರೆ ಒಂದೇ ಊರು ಕಣ್ರಪ್ಪ, ಪಕ್ಕದ ಊರಿನ ಕತೆ ಬೇಕಾದ್ರೆ ಪಕ್ಕದೋರನ್ನ ಕೇಳ್ಕೊಳ್ಳಿ, ಒಬ್ಬ ರಾಜ ಇದ್ದ. ಹೆಸರು ಅವಸರರಾಯ. ಅವನಿಗೆ ಇದ್ದದ್ದು ಒಂದೇ ಚಿಂತೆ. ನನ್ನ ಊರಲ್ಲಿ ಇರೋದೆಲ್ಲ ಇದೆಯೋ ಇಲ್ಲವೋ?

ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಕೇಳ್ತಿದ್ದ. "ಮಂತ್ರಿ, ಬಾವಿ ಇದೆಯಾ?"

"ಇದೆ ಪ್ರಭು."

"ನೋಡಿಕೊಂಡು ಬಂದೆಯಾ?"

ಮಂತ್ರಿ ಓಡಿ ಹೋಗಿ ನೋಡಿ ಓಡಿ ಬರೋನು. "ಇದೆ ಪ್ರಭು."

"ಅದು ಆಗ. ಈಗ ಇದೆಯಾ?"

ಹಿಂಗೆ ಓಡಾಡಿ ಓಡಾಡಿ ಮಂತ್ರಿ ಒಂದು ಗೇಣು ಕುಳ್ಳಗಾದ. ಇನ್ನೊಂದು ಗೇಣು ಹೋದ್ರೆ ಪೇಟ ನೆಲಕ್ಕೆ ತಾಗ್ತದೆ ಅನ್ನೋ ಹೊತ್ತಿಗೆ ಊರಿನೋರು ಸೇರಿ ಒಂದು ಗಂಟೆಮನೆ ಕಟ್ಟಿದ್ರು. ಅದನ್ನ ನೋಡ್ಕೊಳ್ಳೋಕೆ ನಿಂಗಾಜಮ್ಮ ಅನ್ನೋ ಹೆಂಗಸನ್ನ ಇಟ್ರು.

ಗಂಟೆಮನೆ ಕೆಲಸ ಹೆಂಗೆ ಅಂತೀರಾ? ಊರಲ್ಲಿರೋ ಎಲ್ಲದಕ್ಕೂ ಅಲ್ಲಿಂದ ಒಂದೊಂದು ಹಗ್ಗ. ಬಾವಿಗೊಂದು ಹಗ್ಗ, ಸೇತುವೆಗೊಂದು ಹಗ್ಗ, ಬೀಸೋ ಕಲ್ಲಿಗೊಂದು, ಅರಮನೆ ಅಡುಗೆಮನೆಗೊಂದು. ನಡುವೆ ಒಂದು ಎತ್ತು. ಎತ್ತು ಗಾಣ ಸುತ್ತೋ ಹಾಗೆ ಸುತ್ತೋದು. ಸುತ್ತುವಾಗ ಕೊಂಬು ಒಂದೊಂದು ಹಗ್ಗಕ್ಕೂ ತಾಗೋದು. ಹಗ್ಗ ಜಗ್ಗಿದ್ರೆ ಆ ತುದಿಯಲ್ಲಿ "ಇದ್ದೀಯಾ?" ಅಂತ ಕೇಳಿಸೋದು. ಬಾವಿ "ಇದ್ದೀನಿ" ಅಂತ ತಿರುಗಿ ಜಗ್ಗೋದು. ಸೇತುವೆ "ಇದ್ದೀನಿ" ಅಂತ ತಿರುಗಿ ಜಗ್ಗೋದು. ಎತ್ತು ನಾಲ್ಕು ಸುತ್ತು ಕರೆದ್ರೂ ಯಾರಾದರೂ ಓಗೊಡದಿದ್ರೆ, ಮೇಲೆ ತೂಗುಹಾಕಿದ್ದ ದೊಡ್ಡ ಗಂಟೆ "ಢಣ್! ಅದು ಇಲ್ಲ!" ಅಂತ ಊರಿಗೆಲ್ಲ ಹೇಳೋದು. ನಾಲ್ಕು ಸುತ್ತು ಅನ್ನೋದು ಮರೀಬಾರದು ಅಂತ ಗಂಟೆಯ ಕೊರಳಿಗೆ ಒಂದು ಹಲಗೆ ಕಟ್ಟಿ, ನಿಂಗಾಜಮ್ಮ ಅದರ ಮೇಲೆ ಸುಣ್ಣದಲ್ಲಿ ನಾಲ್ಕು ಗೀಟು ಎಳೆದಿದ್ಲು.

ಹತ್ತೊಂಬತ್ತು ವರ್ಷದಲ್ಲಿ ಆ ಗಂಟೆ ಬಾರಿಸಿದ್ದು ಮೂರೇ ಸಲ. ಒಂದು ಸಲ ಸೇತುವೆ ನಿಜವಾಗಲೂ ಬಿದ್ದಿತ್ತು. ಒಂದು ಸಲ ಮೇಕೆಗಳು ಮೇಯೋಕೆ ಹೋಗುವಾಗ ದೊಡ್ಡಿಯನ್ನೂ ಜೊತೆಗೆ ಕರಕೊಂಡು ಹೋಗಿದ್ವು. ಇನ್ನೊಂದು ಸಲ ಅಡುಗೆಮನೆ ಹೊಗೆಗೂಡು ಮುನಿಸಿಕೊಂಡು ತವರಿಗೆ ಹೊರಟುಹೋಗಿತ್ತು. ಮೂರೂ ನಿಜ. ಒಂದೂ ಸುಳ್ಳಲ್ಲ. ಅದಕ್ಕೇ ನಿಂಗಾಜಮ್ಮ ತಲೆ ಎತ್ತಿ ನಡೀತಿದ್ಲು. ಎಷ್ಟು ಎತ್ತಿ ಅಂದ್ರೆ, ಗಂಟೆಮನೆ ಬಾಗಿಲನ್ನ ಎರಡು ಸಲ ಎತ್ತರಿಸಬೇಕಾಯ್ತು.

ಒಂದು ದಿನ ಅವಳು ತಂಗಿಯ ಸೀಮಂತಕ್ಕೆ ಅಂತ ಹೋಗಿದ್ಲು. ಆ ಹೊತ್ತಿಗೆ ರಾಜ ಗಂಟೆಮನೆಗೆ ಬಂದ. ಎತ್ತು ಸುತ್ತೋದನ್ನ ನೋಡಿದ. ಎತ್ತು ಎತ್ತಿನ ಹಾಗೆ ಸುತ್ತುತ್ತಿತ್ತು. ರಾಜನಿಗೆ ತಡೀಲಿಲ್ಲ.

"ನಾಲ್ಕು ಸುತ್ತು ಕಾಯೋದಾ? ನಾನು ರಾಜ! ಎರಡು ಸಾಕು!" ಅಂದ. ಬೆರಳನ್ನ ನಾಲಗೆಗೆ ಒತ್ತಿ, ಎರಡು ಗೀಟು ಒರೆಸಿಬಿಟ್ಟ. ಯಾರಿಗೂ ಹೇಳಲಿಲ್ಲ. ಹೇಳ್ತಾ ಕೂರೋಕೂ ಪುರುಸೊತ್ತಿಲ್ಲದಷ್ಟು ಅವಸರ ಅವನಿಗೆ.

ಮಾರನೇ ಬೆಳಿಗ್ಗೆ ಶುರುವಾಯ್ತು ನೋಡಿ.

ಢಣ್! ಬಾವಿ ಇಲ್ಲ!

ಢಣ್! ಸೇತುವೆ ಇಲ್ಲ!

ಢಣ್! ಬೀಸೋ ಕಲ್ಲು ಇಲ್ಲ!

ರಾಜನಿಗೆ ಖುಷಿಯೋ ಖುಷಿ. "ನೋಡಿದ್ಯಾ ಮಂತ್ರಿ, ಸುದ್ದಿ ಎಷ್ಟು ಬೇಗ ಬರ್ತಾ ಇದೆ! ಡಂಗೂರ ಹೊಡೆಸು. ನನ್ನ ಗಂಟೆ ಇಲ್ಲ ಅಂದದ್ದು ಇಲ್ಲ. ಇಲ್ಲದ್ದನ್ನ ಯಾರೂ ಬಳಸೋ ಹಂಗಿಲ್ಲ."

ಊರಿನೋರು ಒಳ್ಳೆಯೋರು. ಹೇಳಿದ್ದನ್ನ ಕೇಳೋರು. ಸೇತುವೆ ಇಲ್ಲ ಅಂದಮೇಲೆ ಹೊಳೆ ಈಜಲೇಬೇಕಲ್ಲ? ಪಂಚೆ ಎತ್ತಿ ಕಟ್ಟಿ, ಸೇತುವೆ ಮೇಲೆ ಬೋರಲು ಮಲಗಿ, ಕೈಕಾಲು ಬಡೀತಾ ಆ ದಡಕ್ಕೆ ಹೋದ್ರು. ಆ ದಡದಲ್ಲಿ ಕಾವಲುಗಾರ ಒಬ್ಬನನ್ನ ತಡೆದು ಕೇಳ್ದ. "ಈಜಿಕೊಂಡು ಬಂದೋನು ಒದ್ದೆ ಯಾಕಾಗಿಲ್ಲ?"

"ನೀರು ಚಿಮುಕಿಸಿಕೊಳ್ಳೋಣ ಅಂದ್ರೆ ಬಾವಿ ಇಲ್ಲವಲ್ಲ ಸ್ವಾಮಿ."

"ಅದೂ ನಿಜ, ಹೋಗು" ಅಂದ ಕಾವಲುಗಾರ.

ಮಧ್ಯಾಹ್ನ ರಾಜ ಊಟಕ್ಕೆ ಕೂತ. ಎಲೆ ಹಾಕಿತ್ತು. ಎಲೆ ಮೇಲೆ ಏನೂ ಇರಲಿಲ್ಲ.

"ಸಾರು ಎಲ್ಲಿ?"

"ಅಡುಗೆಮನೆಯೇ ಇಲ್ಲ ಪ್ರಭು. ಆಗಲೇ ಢಣ್ ಅಂತಲ್ಲ."

"ಘಮ ಬರ್ತಾ ಇದೆಯಲ್ಲೋ!"

"ಇಲ್ಲದ ಸಾರಿನ ಘಮ ಪ್ರಭು. ತಿನ್ನೋಕೆ ಬರಲ್ಲ."

ಈಗ ರಾಜನಿಗೆ ಹೊಟ್ಟೆ ಹಸೀತು. ಹಸಿದ ರಾಜ ನಿಂಗಾಜಮ್ಮನನ್ನ ಕರೆಸಿದ.

"ಏನಮ್ಮ ನಿಂಗಾಜಮ್ಮ, ಸಂಜೆಯೊಳಗೆ ಒಂದು ಹೇಳಿಬಿಡು. ಗಂಟೆ ಸುಳ್ಳು ಹೇಳ್ತಾ ಇದ್ರೆ ಅದನ್ನ ಕರಗಿಸಿ ಚೊಂಬು ಮಾಡಿಸ್ತೀನಿ. ನಿಜ ಹೇಳ್ತಾ ಇದ್ರೆ ಊರೇ ಇಲ್ಲ. ಊರಿಲ್ಲದ ರಾಜ ನಾನಾಗಲ್ಲ, ಬೇರೆ ಊರು ನೋಡ್ಕೋತೀನಿ. ಗಂಟೆ ಸುಳ್ಳೋ, ಊರು ಇಲ್ಲವೋ?"

ನಿಂಗಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ಲು. "ನನ್ನ ಗಂಟೆ ಸುಳ್ಳು ಹೇಳಲ್ಲ ಬುದ್ಧಿ. ಊರೂ ಇದೆ."

"ಎರಡೂ ಹೆಂಗಾಗ್ತದೆ?"

"ಅದನ್ನ ಸಂಜೆಗೆ ಹೇಳ್ತೀನಿ."

ಹೇಳೇನೋ ಬಂದ್ಲು. ಹತ್ತೊಂಬತ್ತು ವರ್ಷದ ಗಂಟೆ. ನಾಳೆ ರಾಜ ಅದರಲ್ಲಿ ಮಜ್ಜಿಗೆ ಕುಡಿದ್ರೆ ಅವಳು ಯಾವ ಮುಖ ಹೊತ್ತು ತಿರುಗಬೇಕು?

ಮೊದಲು ಗಂಟು ನೋಡಿದ್ಲು. ಎಲ್ಲ ಗಂಟೂ ಗಟ್ಟಿ. ಹಗ್ಗ ಸವರಿ ನೋಡಿದ್ಲು. ಎಲ್ಲೂ ಹರಿದಿಲ್ಲ. ಎತ್ತಿನ ಕೊಂಬಿಗೆ ಎಣ್ಣೆ ಹಚ್ಚಿದ್ಲು. ಎತ್ತು "ಕೊಂಬಿಗೇನಾಗಿದೆ, ಬೆನ್ನಿಗೆ ಹಚ್ಚವ್ವ" ಅಂತು. ಗಂಟೆ ಒರೆಸಿದ್ಲು. ಎತ್ತನ್ನ ನಿಲ್ಲಿಸಿ ಮತ್ತೆ ಹೊರಡಿಸಿದ್ಲು. ಏನು ಮಾಡಿದ್ರೂ ಢಣ್. ಹಲಗೆಯೊಂದನ್ನ ಬಿಟ್ಟು ಎಲ್ಲ ನೋಡಿದ್ಲು. ಹಲಗೆ ಅವಳೇ ಬರೆದದ್ದು. ತಾನೇ ಬರೆದದ್ದನ್ನ ಯಾರಾದರೂ ಓದ್ತಾರಾ?

ಕೊನೆಗೆ ಎತ್ತಿಗೆ ಹೇಳಿದ್ಲು. "ಬಾವೀನ ಮೊದಲಿಂದ ಇನ್ನೊಂದು ಸಲ ಕರಿ. ನಾನು ಆ ತುದಿಗೆ ಹೋಗಿ ಕೂತ್ಕೋತೀನಿ."

ಹೋಗಿ ಬಾವಿಕಟ್ಟೆ ಮೇಲೆ ಕೂತ್ಲು. ಬಾವಿ ಮುಖ ಊದಿಸಿಕೊಂಡಿತ್ತು.

ಹಗ್ಗ ಜಗ್ಗಿತು. ಇದ್ದೀಯಾ?

ಬಾವಿ ಸುಮ್ಮನಿತ್ತು.

ಇನ್ನೊಂದು ಸಲ ಜಗ್ಗಿತು. ಇದ್ದೀಯಾ?

ಬಾವಿ ಸುಮ್ಮನಿತ್ತು.

ದೂರದಿಂದ ಢಣ್! ಬಾವಿ ಇಲ್ಲ!

"ನೋಡಿದ್ಯಾ ಮಗಳೇ" ಅಂತು ಬಾವಿ. "ಬಾಯಿ ತೆರೆಯೋಕೆ ಮುಂಚೆ ಇಲ್ಲ ಅಂತಾರೆ. ನಾನಿಲ್ಲದೆ ಇವರ ಅಜ್ಜಂದಿರು ಏನು ಕುಡಿದು ಬೆಳೆದ್ರಂತೆ?"

"ಎರಡು ಸಲ ಕರೀತಲ್ಲ ಅಜ್ಜಿ, ಯಾಕೆ ಓಗೊಡಲಿಲ್ಲ?"

ಬಾವಿ ದಂಗಾಯ್ತು. "ಎರಡಕ್ಕೇ ಓಗೊಡೋದಾ? ನಿನಗೆ ತಾಯಿ ಏನೂ ಹೇಳಿಕೊಟ್ಟಿಲ್ವಾ? ಒಂದನೇ ಕೂಗು, ಎರಡನೇ ಕೂಗು ದೆವ್ವದ್ದೂ ಇರಬಹುದು. ಮೂರನೇದು ಕೂಗೋಕೆ ದೆವ್ವಕ್ಕೆ ದಮ್ಮಿಲ್ಲ. ಮೂರನೇದಕ್ಕೇ ಅಲ್ವಾ ಓಗೊಡೋದು?"

ಹೌದಲ್ಲ! ಆ ಊರಲ್ಲಿ ಹುಟ್ಟಿದ ಕೂಸೂ ಮೂರನೇ ಕೂಗಿಗೇ ತಿರುಗಿ ನೋಡೋದು. ಸೇತುವೆಯೂ ಅಷ್ಟೆ, ಬೀಸೋ ಕಲ್ಲೂ ಅಷ್ಟೆ. ನಿಂಗಾಜಮ್ಮ ಒಂದೇ ಉಸಿರಿಗೆ ಗಂಟೆಮನೆಗೆ ಓಡಿದ್ಲು. ಹಲಗೆ ನೋಡಿದ್ಲು. ಎರಡೇ ಗೀಟು.

"ನನ್ನ ನಾಲ್ಕು ಗೀಟಲ್ಲಿ ಎರಡನ್ನ ಒರೆಸಿದ್ದು ಯಾರೋ?"

"ದೊರೆ ಒರೆಸಿದ್ರು ಅಕ್ಕ" ಅಂತು ಗಂಟೆ. "ನಾನು ಇದ್ದದ್ದನ್ನ ಓದಿ ಬಾರಿಸಿದೆ."

"ಮಧ್ಯಾಹ್ನದಿಂದ ಒದ್ದಾಡ್ತಾ ಇದ್ದೀನಿ, ಹೇಳೋಕೆ ಏನಾಗಿತ್ತು ನಿನಗೆ?"

"ನೀವು ಗಂಟು ಕೇಳಿದ್ರಿ, ಹಗ್ಗ ಕೇಳಿದ್ರಿ, ಎತ್ತನ್ನ ಕೇಳಿದ್ರಿ. ನನ್ನನ್ನ ಒರೆಸಿದ್ರಿ ಅಷ್ಟೆ."

ನಿಂಗಾಜಮ್ಮ ಹಲಗೆ ನೋಡ್ತಾ ನಿಂತ್ಲು. ಮೂರು ಕೂಗು ದೆವ್ವದ ಲೆಕ್ಕಕ್ಕೆ, ಮೇಲೊಂದು ಕೂಗು ಬಾವಿಗೆ ಕಿವಿ ಮಂದ ಅಂತ. ಆಹಾ, ಇದನ್ನ ಬರೆದೋಳು ಎಷ್ಟು ಜಾಣೆ ಅಂದ್ಕೊಂಡ್ಲು. ಆಮೇಲೆ ತಾನೇ ಅಂತ ನೆನಪಾಗಿ ಇನ್ನೂ ಹೆಮ್ಮೆಯಾಯ್ತು.

ಆದ್ರೆ ಒಂದು ತೊಡಕು. ಆ ಊರಿನ ಕಟ್ಟಳೆ ಪ್ರಕಾರ ದೊರೆಯ ಎಂಜಲು ತಾಗಿದ ಕಡೆ ಪ್ರಜೆಗಳು ಸುಣ್ಣ ಹಚ್ಚೋ ಹಂಗಿಲ್ಲ. ದೊರೆ ತಪ್ಪು ಮಾಡಿದ್ರು ಅಂತ ಹೇಳೋ ಹಂಗಂತೂ ಮೊದಲೇ ಇಲ್ಲ.

ನಿಂಗಾಜಮ್ಮ ಒಂದು ಹೊಸ ಹಗ್ಗದ ತುದಿಯನ್ನ ಗಂಟೆಮನೆಯಲ್ಲಿ ಕಟ್ಟಿ, ಮಿಕ್ಕಿದ್ದನ್ನ ಹೆಗಲ ಮೇಲೆ ಹಾಕಿಕೊಂಡು ಅರಮನೆಗೆ ಹೋದ್ಲು.

"ಬುದ್ಧಿ, ಊರಲ್ಲಿ ಹಗ್ಗ ಕಟ್ಟದೇ ಇರೋದು ನಿಮಗೊಬ್ಬರಿಗೇ. ಬೀಸೋ ಕಲ್ಲಿಗಿರೋ ಮರ್ಯಾದೆ ದೊರೆಗೆ ಬೇಡ್ವಾ?"

"ಅಲ್ಲವಾ ಮತ್ತೆ!" ಅಂದ ರಾಜ. ಕಾಲು ಮುಂದೆ ಚಾಚಿದ. "ಕಟ್ಟು. ನಾನು ಎಷ್ಟು ಚೆನ್ನಾಗಿ ಇದ್ದೀನಿ ಅಂತ ಊರಿಗೆಲ್ಲ ಗೊತ್ತಾಗಲಿ."

ಹೆಬ್ಬೆರಳಿಗೆ ಕಟ್ಟಿದ್ಲು. ಸಭೆಯೆಲ್ಲ ಉಸಿರು ಹಿಡಿದು ನೋಡ್ತು.

ಹಗ್ಗ ಜಗ್ಗಿತು. ಇದ್ದೀಯಾ?

ರಾಜ ತುಟಿ ಬಿಗಿದ. ಅವನಿಗೂ ತಾಯಿ ಇದ್ಲಲ್ಲ.

ಹಗ್ಗ ಜಗ್ಗಿತು. ಇದ್ದೀಯಾ?

ರಾಜ ಮೂರನೇದಕ್ಕೆ ಅಂತ ಗಂಟಲು ಸರಿಮಾಡಿಕೊಂಡ.

ಢಣ್! ದೊರೆ ಇಲ್ಲ!

"ಇದ್ದೀನಿ ಕಣ್ರೋ!" ಅಂತ ರಾಜ ಕಿರುಚಿದ. ಯಾರೂ ಅವನ ಕಡೆ ನೋಡಲಿಲ್ಲ. ಇಲ್ಲದೋನನ್ನ ನೋಡೋದು ಹೆಂಗೆ? ಸಿಂಹಾಸನ ಮಾತ್ರ "ನನಗೂ ಬೆಳಿಗ್ಗೆಯಿಂದ ಹಗುರ ಅನ್ನಿಸ್ತಿತ್ತು" ಅಂತ ಗೊಣಗಿತು.

ನಿಂಗಾಜಮ್ಮ ಮಂತ್ರಿ ಕಡೆ ತಿರುಗಿದ್ಲು. "ಸ್ವಾಮಿ, ಗಂಟೆಮನೆ ಹಲಗೆ ಒರೆಸಿದ್ದು ಯಾರು?"

"ದೊರೆ. ಹಿಂದೆ ನಿಂತು ನಾನೇ ನೋಡಿದ್ದೆ."

"ದೊರೆ ಇದ್ದಾರಾ?"

ಮಂತ್ರಿ ಸಿಂಹಾಸನ ನೋಡಿದ, ಡಂಗೂರದೋನನ್ನ ನೋಡಿದ. "ಗಂಟೆ ಇಲ್ಲ ಅಂದಮೇಲೆ ಇಲ್ಲ."

"ಇಲ್ಲದೋರು ಒರೆಸೋಕಾಗ್ತದಾ?"

"ಆಗಲ್ಲ."

"ಯಾರೂ ಒರೆಸದ ಹಲಗೆ ಮೇಲೆ ಎಷ್ಟು ಗೀಟಿರಬೇಕು?"

"ನಾಲ್ಕು."

"ಈಗ ಎರಡೇ ಇದೆಯಲ್ಲ?"

"ಹಂಗಾದ್ರೆ ಇನ್ನೆರಡು ನೀನು ಎಳೆಯೋದೇ ಬಿಟ್ಟಿದ್ದೀಯ, ಸೋಮಾರಿ! ಹೋಗು, ಈಗಲೇ ಎಳಿ!"

ನಿಂಗಾಜಮ್ಮ ಬೈಸಿಕೊಂಡು ಹೋಗಿ ಎರಡು ಗೀಟು ಎಳೆದ್ಲು. ಬೈಸಿಕೊಂಡಾಗಲೂ ತಲೆ ಎತ್ತೇ ಇತ್ತು. ಎತ್ತು ಎಲ್ಲರನ್ನೂ ಮೊದಲಿಂದ ಕರೀತು. ಒಂದನೇ ಸುತ್ತು, ಎಲ್ಲ ಸುಮ್ಮನೆ. ಎರಡನೇ ಸುತ್ತು, ಎಲ್ಲ ಸುಮ್ಮನೆ. ಮೂರನೇ ಸುತ್ತಿಗೆ ಸೇತುವೆ "ಇದ್ದೀನಿ!" ಅಂತು. ಬೀಸೋ ಕಲ್ಲು "ಇದ್ದೀನಿ!" ಅಂತು. ಅಡುಗೆಮನೆ "ಇದ್ದೀನಿ, ಸಾರು ಆರಿಹೋಗಿದೆ!" ಅಂತು. ರಾಜ ಎಲ್ಲರಿಗಿಂತ ಜೋರಾಗಿ "ಇದ್ದೀನೀ!" ಅಂದ. ಬಾವಿಗೆ ಮಾತ್ರ ನಾಲ್ಕನೇ ಸುತ್ತಿಗೆ ಕೇಳಿಸ್ತು. ಸೇತುವೆ ನಡುವೆ ಈಜುತ್ತಾ ಇದ್ದೋರು ಎದ್ದು ನಿಂತು ನಡೆದ್ರು.

ರಾಜ ಎರಡು ಎಲೆ ಅನ್ನ ಉಂಡು ಕೇಳಿದ. "ಮಂತ್ರಿ, ನಾನಿಲ್ಲದೇ ಇದ್ದಾಗ ರಾಜ್ಯದಲ್ಲಿ ಏನೇನಾಯ್ತು?"

"ಎಲ್ಲ ಸರಿಹೋಯ್ತು ಪ್ರಭು."

ರಾಜನಿಗೆ ಎದೆಯುಬ್ಬಿತು. "ನೋಡಿದ್ಯಾ, ಯಾರ ರಾಜ್ಯ ಇದು!"

ಮಾರನೇ ದಿನ ಗಂಟೆ ಬಾರಿಸಲಿಲ್ಲ. ಅದರ ಮಾರನೇ ದಿನವೂ ಬಾರಿಸಲಿಲ್ಲ. ಊರಿನ ಜನ ಮಕ್ಕಳುಮರಿ ಕಟ್ಟಿಕೊಂಡು ಗಂಟೆಮನೆ ಮುಂದೆ ಬಂದು ಚಾಪೆ ಹಾಸಿ ಕೂತ್ರು. ಗಂಟೆ ಬಾರಿಸದೇ ಇರೋದನ್ನ ಕೇಳ್ತಾ ಕೂತ್ರು.

"ಎಷ್ಟು ಚೆನ್ನಾಗಿ ಬಾರಿಸ್ತಾ ಇಲ್ಲ ಅಲ್ವಾ!" ಅಂದ ಒಬ್ಬ.

"ಶ್, ಮೆಲ್ಲಗೆ" ಅಂದ ರಾಜ. ಅವನೂ ಒಂದು ಮೂಲೆಯಲ್ಲಿ ಕೂತಿದ್ದ. ಅವಸರ ಮಾಡಲಿಲ್ಲ.

ನಿಂಗಾಜಮ್ಮ ಗಂಟೆ ಪಕ್ಕ ನಿಂತಿದ್ಲು. ಬಾಗಿಲನ್ನ ಮೂರನೇ ಸಲ ಎತ್ತರಿಸೋಕೆ ಬಡಗಿ ಏಣಿ ಹತ್ತಿದ್ದ.

ಆ ಊರು ಈಗಲೂ ಇದೆ ಕಣ್ರಪ್ಪ. ಇಲ್ಲ ಅಂತ ಗಂಟೆ ಇನ್ನೂ ಹೇಳಿಲ್ಲ.