ತಾನೇ ಜಾಗ ಹುಡುಕುವ ಯಂತ್ರ

ನಿರಂಜನನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಮನುಷ್ಯನ ಕೈ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವು ಕೈಗಿಂತ ಚೆನ್ನಾಗಿ ಮಾಡುತ್ತಿದೆ. ಹಾಗಿರುವಾಗ ಮನುಷ್ಯ ಯಂತ್ರಕ್ಕಿಂತ ಯಾವುದರಲ್ಲಿ ಮೇಲು?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು, ಒಬ್ಬ ಹೆಂಗಸಿನ ಸಂಗತಿ ಹೇಳತೊಡಗಿದರು.

ಹೆದ್ದಾರಿಯ ಬದಿಯ ಒಂದು ಊರಿನ ಆಸ್ಪತ್ರೆಯಲ್ಲಿ ದಾನಮ್ಮ ಎಂಬಾಕೆ ಎಕ್ಸ್‌ರೇ ತೆಗೆಯುತ್ತಿದ್ದಳು. ಎಲುಬಿನ ಚಿತ್ರ ಸರಿಯಾಗಿ ಬರಬೇಕಾದರೆ ಕಿರಣ ಬಿಡುವ ಭಾರವಾದ ಕೊಳವೆಯನ್ನು ನೋವಿರುವ ಜಾಗಕ್ಕೆ ನೇರವಾಗಿ ತಂದು ನಿಲ್ಲಿಸಬೇಕು. ಒಂದು ಬೆರಳಿನಷ್ಟು ಆಚೀಚೆಯಾದರೆ ಚಿತ್ರ ಕೆಡುತ್ತದೆ. ಕೆಟ್ಟರೆ ಮತ್ತೊಮ್ಮೆ ತೆಗೆಯಬೇಕು, ರೋಗಿಯ ಮೈಗೆ ಮತ್ತೊಮ್ಮೆ ಕಿರಣ ತಾಗುತ್ತದೆ. ದಾನಮ್ಮ ಕೊಳವೆಯನ್ನು ಎರಡೂ ಕೈಯಿಂದ ಎಳೆದು ಎಳೆದು ಬಲ ಭುಜವನ್ನು ಕೆಡಿಸಿಕೊಂಡಿದ್ದಳು. ಆದರೂ ಅವಳು ತೆಗೆದ ಚಿತ್ರ ಕೆಡುತ್ತಿದ್ದುದು ಅಪರೂಪ.

ಆ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಸೂರಿನಲ್ಲಿದ್ದ ಒಂದು ಕ್ಯಾಮೆರಾ ಮಲಗಿದವನ ಮೈಯ ಅಳತೆ ನೋಡಿಕೊಳ್ಳುತ್ತಿತ್ತು. ಪರದೆಯ ಮೇಲೆ 'ಮೊಣಕಾಲು' ಎಂದು ಒತ್ತಿದರೆ ಸಾಕು, ಕೊಳವೆ ಹಳಿಯ ಮೇಲೆ ತಾನೇ ಸರಿದು, ತಾನೇ ಇಳಿದು, ಮೊಣಕಾಲಿನ ನೇರಕ್ಕೆ ನಿಲ್ಲುತ್ತಿತ್ತು. ಅದನ್ನು ಜೋಡಿಸಲು ಧೀರೇಂದ್ರನೆಂಬ ಎಂಜಿನಿಯರ್ ಬಂದಿದ್ದ.

ದಾನಮ್ಮನಿಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ, ಕುತೂಹಲ ಹುಟ್ಟಿತು. ಗೂನು ಬೆನ್ನಿನ ಮುದುಕಿಯನ್ನು ಮಲಗಿಸಿದಳು. ಯಂತ್ರ ಜಾಗ ಹುಡುಕಿತು. ಕಾಲು ಸೊಟ್ಟಗಿದ್ದವನನ್ನು ಮಲಗಿಸಿದಳು. ಆಗಲೂ ಹುಡುಕಿತು. ದಪ್ಪ ಕಂಬಳಿ ಹೊದಿಸಿದಾಗ ಮಾತ್ರ ಸ್ವಲ್ಪ ತಡವರಿಸಿ ನಿಂತಿತು. ಅವಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು: "ನನಗಿಂತ ಅದರ ಕೈ ಸೂಕ್ಷ್ಮ ಐತಿ ನೋಡ್ರಿ. ಹೆಂಗ ಅಂತ ತಿಳೀವಲ್ದು."

ಒಂದು ದಿನ ಬೆಳಿಗ್ಗೆ ಲಾರಿ ಚಾಲಕ ಮೌಲಾಲಿಯನ್ನು ಸ್ಟ್ರೆಚರ್ ಮೇಲೆ ತಂದರು. ಅಂದು ನಸುಕಿನ ಮಂಜಿನಲ್ಲಿ ಅವನ ಲಾರಿ ಎದುರಿನ ವಾಹನಕ್ಕೆ ಬಡಿದು ಹೊಲಕ್ಕೆ ಉರುಳಿತ್ತು. ಕೊರಳಿಗೆ ಪಟ್ಟಿ ಹಾಕಿದ್ದರು. ಅವನಿಗೆ ಮಾತು ಸರಿಯಾಗಿತ್ತು, ಕೈಕಾಲು ಆಡುತ್ತಿದ್ದವು. ಕೊರಳಿನ ಎಲುಬು ಬಿರಿದಿದೆಯೇ ಎಂದು ನೋಡಬೇಕಿತ್ತು. ಅವನನ್ನು ಸ್ಟ್ರೆಚರ್‌ನಿಂದ ಇಳಿಸದೆ ಹಾಗೆಯೇ ಯಂತ್ರದ ಕೆಳಗೆ ತಂದರು.

ದಾನಮ್ಮ ಪರದೆಯ ಮೇಲೆ 'ಕೊರಳು' ಎಂದು ಒತ್ತಿದಳು. ಕೊಳವೆ ಸರಿಯಿತು. ಅದು ಕೊರಳಿನ ಮೇಲೆ ಬಂದು ನಿಲ್ಲುವಷ್ಟರಲ್ಲಿ ಮೌಲಾಲಿ ಬೆಚ್ಚಿ ಬಿದ್ದ. ಅವನ ಭುಜ ಜರುಗಿತು, ಚಿತ್ರ ಆಗಲಿಲ್ಲ. ಯಂತ್ರ ಅವನು ಸರಿದ ಕಡೆಗೆ ತಾನೂ ಸರಿದು, ಮತ್ತೆ ನೇರಕ್ಕೆ ಬಂತು. ಈ ಸಲ ಅವನು ಎರಡೂ ಕೈ ಎತ್ತಿ ಅದನ್ನು ತಳ್ಳಿಬಿಟ್ಟ. ದಾನಮ್ಮ ಯಂತ್ರವನ್ನು ನಿಲ್ಲಿಸಿದಳು.

ಡಾಕ್ಟರು ಬಂದು ನೋಡಿದರು. ದಾನಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇನ್ನೊಮ್ಮೆ ಹೀಗೆ ಕೊಸರಾಡಿದರೆ ಇವನ ಕೈಕಾಲು ಶಾಶ್ವತವಾಗಿ ಹೋಗಬಹುದು. ತಲೆಗೂ ಪೆಟ್ಟು ಬಿದ್ದಿದೆ, ನಿದ್ದೆ ಬರುವ ಮದ್ದು ಕೊಡುವಂತಿಲ್ಲ. ಕಟ್ಟಿಹಾಕಿ ಚಿತ್ರ ತೆಗೆಯಿರಿ."

ಧೀರೇಂದ್ರ ಪರದೆಯ ಮೇಲಿನ ಅಳತೆ ನೋಡಿ, "ಯಂತ್ರದ್ದು ಏನೂ ತಪ್ಪಿಲ್ಲ. ಎರಡೂ ಸಲ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ," ಎಂದ.

"ಹಂಗಾರ ಅವ ಯಾಕ ಹೆದರತಾನ?" ಎಂದು ದಾನಮ್ಮ ಕೇಳಿದಳು. ಮೌಲಾಲಿಯನ್ನೂ ಕೇಳಿ ನೋಡಿದಳು. ಅವನು ನಾಚಿಕೊಂಡು, "ಗೊತ್ತಾಗವಲ್ದು ಅಕ್ಕಾರ. ಕೈ ತಾನ ಎದ್ದತಿ," ಎಂದ.

ಹಗ್ಗ ತರಲು ಒಬ್ಬರು ಹೋದರು. ದಾನಮ್ಮ ಡಾಕ್ಟರ ಬಳಿ ಹತ್ತು ನಿಮಿಷ ಬೇಡಿಕೊಂಡಳು. ಮೌಲಾಲಿಯ ಸ್ಟ್ರೆಚರನ್ನು ಪಕ್ಕಕ್ಕೆ ನಿಲ್ಲಿಸಿ, ಖಾಲಿ ಸ್ಟ್ರೆಚರೊಂದನ್ನು ಯಂತ್ರದ ಕೆಳಗೆ ತಂದು, ಚಪ್ಪಲಿ ಬಿಟ್ಟು, ಸೆರಗು ಬಿಗಿದು, ಅದರ ಮೇಲೆ ಅಂಗಾತ ಮಲಗಿದಳು. ಧೀರೇಂದ್ರನಿಗೆ ಹೇಳಿದಳು: "ಕಿರಣ ಬಿಡಬ್ಯಾಡ್ರಿ. ಬರೇ ಕೊಳವಿ ತರ್ರಿ. ಕೊರಳು ಅಂತ ಒತ್ತರಿ."

ಅವನು ಒತ್ತಿದ. ಅವಳಿಗೆ ಮೊದಲು ಏನೂ ಕಾಣಲಿಲ್ಲ. ತಲೆಯ ಹಿಂದೆ ಎಲ್ಲೋ ಸಣ್ಣ ಸದ್ದಾಯಿತು. ತಿರುಗಿ ನೋಡಬೇಕೆನಿಸಿತು. ಅಷ್ಟರಲ್ಲಿ ಜಾಗ ಗುರುತಿಸುವ ದೀಪ ತಾನಾಗಿ ಹೊತ್ತಿಕೊಂಡಿತು. ಆ ಒಂಟಿ ಬೆಳಕು ಸೀದಾ ಕಣ್ಣಿಗೆ ಹೊಡೆದು, ದೊಡ್ಡದಾಗುತ್ತಾ ಮುಖದ ಮೇಲೆ ಇಳಿದು ಬಂತು. ಅದು ನಿಲ್ಲುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಕೈ ಮೇಲೆದ್ದಿತು.

ಅವಳು ಎದ್ದು ಮೌಲಾಲಿಯ ಬಳಿ ಹೋದಳು. "ಅಣ್ಣಾ, ನಸುಕಿನ್ಯಾಗ ನಿನಗ ಎದುರಾಗಿ ಬಂದದ್ದು ಏನು?"

"ಕಬ್ಬಿನ ಟ್ರ್ಯಾಕ್ಟರ್ ಅಕ್ಕಾರ. ಒಂದ ದೀಪ ಇತ್ತು. ಬೈಕ್ ಅಂತ ತಿಳಿದ್ನಿ," ಎಂದ. ಹೇಳುತ್ತಲೇ ಅವನ ಕಣ್ಣಲ್ಲಿ ನೀರು ಬಂತು.

ದಾನಮ್ಮ ಧೀರೇಂದ್ರನನ್ನು ಕೇಳಿದಳು: "ಇದು ತಲಿ ಹಿಂದಿಂದನ ಬರಬೇಕೇನ್ರಿ? ಕಾಲಿನ ಕಡಿಯಿಂದ ಬಂದ್ರ ನಡೆಯೂದಿಲ್ಲೇನು? ಆ ದೀಪಾನೂ ಆರಿಸಾಕ ಬರತೈತೇನು?"

ಅವನು ಯೋಚಿಸಿದ. "ಎರಡೂ ಆಗುತ್ತವೆ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ," ಎಂದ. ಐದು ನಿಮಿಷದಲ್ಲಿ ಹಾಗೆಯೇ ಮಾಡಿಕೊಟ್ಟ.

ಮೌಲಾಲಿಯನ್ನು ಮತ್ತೆ ಕೆಳಗೆ ತಂದರು. ದಾನಮ್ಮ ಅವನ ಕೈ ಹಿಡಿದು ನಿಂತಳು. "ಈಗ ಕಾಲಿನ ಕಡಿಯಿಂದ ಬರತೈತಿ. ಹೊಟ್ಟಿ ದಾಟತು. ಎದಿ ದಾಟತು. ಇನ್ನ ನಿಂತ್ಗೋತೈತಿ. ನಿಂತತು, ನೋಡು," ಎಂದಳು. ಮೌಲಾಲಿ ಅದು ಬರುವುದನ್ನು ಕೊನೆಯವರೆಗೂ ನೋಡಿದ. ಅಲುಗಲಿಲ್ಲ. ಅವಳು ಕೈ ಬಿಟ್ಟು ಗಾಜಿನ ಗೋಡೆಯ ಹಿಂದೆ ಹೋದಳು. ಚಿತ್ರ ಒಂದೇ ಸಲಕ್ಕೆ ಬಂತು.

ಕೊರಳಿನ ಎರಡನೆಯ ಎಲುಬು ಬಿರುಕು ಬಿಟ್ಟಿತ್ತು. ಕಟ್ಟಿಹಾಕಿದ್ದರೆ ಅವನು ಹಗ್ಗದೊಡನೆ ಗುದ್ದಾಡುತ್ತಿದ್ದ, ಆ ಬಿರುಕು ಅದನ್ನು ತಾಳುತ್ತಿರಲಿಲ್ಲ ಎಂದು ಡಾಕ್ಟರೇ ಆಮೇಲೆ ಒಪ್ಪಿಕೊಂಡರು. ಅವನನ್ನು ದೊಡ್ಡ ಊರಿಗೆ ಕಳಿಸಿದರು. ಅಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ನಾಲ್ಕು ತಿಂಗಳ ನಂತರ ಮೌಲಾಲಿ ತನ್ನ ಕಾಲ ಮೇಲೆ ನಡೆದುಕೊಂಡು ಬಂದು ದಾನಮ್ಮನನ್ನು ಕಂಡು ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಿರಂಜನನ ಮುಖ ಅರಳಿತ್ತು.

"ತಿಳಿಯಿತು, ಗುರುಗಳೇ," ಎಂದ. "ಯಂತ್ರ ಎಷ್ಟೇ ನಿಖರವಾಗಿದ್ದರೂ ಅದಕ್ಕೆ ಆ ಮನುಷ್ಯನ ಭಯ ಕಾಣಲಿಲ್ಲ. ದಾನಮ್ಮನಿಗೆ ಕಂಡಿತು. ಮನುಷ್ಯ ಮೇಲಾಗುವುದು ಅದರಲ್ಲೇ."

ಗುರುಗಳು ಹೇಳಿದರು: "ದಾನಮ್ಮ ಇಪ್ಪತ್ತಾರು ವರ್ಷ ಜನರನ್ನು ಚಿತ್ರಕ್ಕೆಂದು ಮಲಗಿಸಿದ್ದಳು, ತಾನು ಮಲಗಿ ನೋಡಿದ್ದು ಅಂದೇ ಮೊದಲು. ಮಲಗುವವರೆಗೆ ಆ ಭಯ ಎಲ್ಲಿಂದ ಬಂತೆಂದು ಅವಳಿಗೂ ಕಂಡಿರಲಿಲ್ಲ."